ಸಂಚಿಯೊಳಗಿನ ಚೀಟಿ

ನಮ್ಮ ಮನೆಗೆ ಬರುವ ನೆಂಟರಿಗೆಲ್ಲ ಒಂದು ಚಟ. ಚಪ್ಪಲಿ ಬಿಡುವ ಮೊದಲೇ ಅತ್ತೆಯವರ ಎದುರಿಗೆ ನಿಂತು, "ನಾ ಯಾರು, ಹೇಳ್ರಿ ನೋಡೋಣ?" ಎಂದು ಪರೀಕ್ಷೆ ತೆಗೆದುಕೊಳ್ಳುತ್ತಾರೆ. ಅತ್ತೆಯವರು ನಕ್ಕು ಸುಮ್ಮನಾಗುತ್ತಾರೆ. ಆ ನಗೆಯ ಹಿಂದಿನ ಸಂಕಟ ಬಂದವರಿಗೆ ಕಾಣಿಸುವುದಿಲ್ಲ.

ಅವರಿಗೀಗ 81. ಮರೆವಿನ ಕಾಯಿಲೆಯೆಂದು ವೈದ್ಯರು ಹೇಳಿ ಮೂರು ವರ್ಷವಾಯಿತು. ಧಾರವಾಡ ಬಿಟ್ಟು ಪುಣೆಗೆ ಬಂದು ನಲವತ್ತು ವರ್ಷ ಮಂಡಈಯಲ್ಲಿ ಮರಾಠಿಯಲ್ಲೇ ಚೌಕಾಶಿ ಮಾಡಿದವರು; ಈಗ ಮೊದಲು ಜಾರುತ್ತಿರುವುದು ಆ ಮರಾಠಿಯೇ. ಕಳೆದ ಮಳೆಗಾಲದಲ್ಲಿ ಒಬ್ಬರೇ ಮೆಟ್ಟಿಲಿಳಿದು ಹೋಗಿ, ನಾಲ್ಕು ಓಣಿ ಆಚೆ ಒಂದು ಹಾಲಿನ ಅಂಗಡಿಯ ಮುಂದೆ ನಿಂತಿದ್ದರು. ಅಂಗಡಿಯವನು ಕೇಳಿದ್ದು ಮರಾಠಿ, ಇವರು ಹೇಳಿದ್ದು ಧಾರವಾಡದ ಮನೆಯ ವಿಳಾಸ!

ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಎರಡು ಭಾಷೆ ಆಡುವವರಲ್ಲಿ ಈ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆಯೆತ್ತಿತ್ತು. ಹೊರನಾಡ ಕನ್ನಡಿಗರಿಗೆ ಸಂತೋಷದ ಮಾತೇ. ಅತ್ತೆಯವರ ಪಾಲಿನ ನಾಲ್ಕೂವರೆ ವರ್ಷ ಸಂದಾಯವಾಗಿ ಹೋಗಿದೆಯೆಂದು ನಾನು ಲೆಕ್ಕ ಹಿಡಿದಿದ್ದೇನೆ.

ಮಿದುಳಿನ ವ್ಯಾಯಾಮವೆಂದು ಮಾರುವ ಆಟಗಳು ಈಗ ಬೇಕಾದಷ್ಟಿವೆ. ಆಟದಿಂದ ಆಟದಲ್ಲಿ ಕೈ ಪಳಗೀತು. ಮನೆಯ ದಾರಿ ಸಿಕ್ಕೀತೆ? "ನೆನಪನ್ನೆಲ್ಲ ತಿರುಗಿ ತರಲಾಗದು, ಬೇಕೇ ಬೇಕಾದ ಒಂದು ಸಂಗತಿಯನ್ನು ಆರಿಸಿಕೊಳ್ಳಿ" ಎಂದರು ನಮಗೆ ಹೇಳಿಕೊಟ್ಟ ಮನಶ್ಶಾಸ್ತ್ರಜ್ಞೆ. ಅತ್ತೆಯವರು ಎಲೆಯಡಿಕೆಯ ಸಂಚಿ ಬಿಟ್ಟು ಕದಲುವವರಲ್ಲ. ಅದರೊಳಗೆ ಮರಾಠಿಯಲ್ಲಿ ವಿಳಾಸ ಬರೆದ ಚೀಟಿ ಇಟ್ಟೆವು.

ಪಾಠ ಇಷ್ಟೇ. "ಅತ್ಯಾ, ದಾರಿ ತಪ್ಪಿದ್ರ ಏನ್ ಮಾಡ್ತೀರಿ?" "ಸಂಚ್ಯಾಗಿನ ಚೀಟಿ ತೋರಸ್ತೀನಿ." ಅರ್ಧ ನಿಮಿಷ ಬಿಟ್ಟು ಅದೇ ಪ್ರಶ್ನೆ. ಆಮೇಲೆ ಒಂದು ನಿಮಿಷ, ಎರಡು, ನಾಲ್ಕು, ಎಂಟು. ನಡುವೆ ಮೆಂತ್ಯದ ಸೊಪ್ಪು ಬಿಡಿಸುತ್ತ ಊರಿನ ಮಾತು. ತಡವರಿಸಿದರೆ "ನೆನಪು ಮಾಡಿಕೊಳ್ರಿ" ಎಂದು ಕಾಡಿಸಕೂಡದು; ಕೂಡಲೇ ಉತ್ತರ ನಾವೇ ಹೇಳಿ, ಅವರಿಂದ ಹೇಳಿಸಿ, ಹಿಂದೆ ಗೆದ್ದ ಅವಧಿಗೇ ಮರಳಬೇಕು. ಊಹಿಸಲು ಬಿಟ್ಟರೆ ತಪ್ಪೇ ನಾಲಿಗೆಗೆ ಅಂಟುತ್ತದೆ. ಅದು ತಪ್ಪೆಂದು ತಿಳಿಸಿದ್ದು ಅವರಿಗೆ ನೆನಪಿರಬೇಕಲ್ಲ! ಚೀಟಿಯನ್ನು ತೆಗೆದು ತೋರಿಸುವುದನ್ನೂ ಪ್ರತಿಸಲ ಕೈಯಿಂದಲೇ ಮಾಡಿಸುತ್ತೇವೆ.

ಮರೆಯುವವರು ಕಲಿಯುವುದೆಂತು ಎಂದು ನೀವು ಕೇಳಬಹುದು. 1953ರಲ್ಲಿ ಅಮೇರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ಮೂರ್ಛೆರೋಗಕ್ಕಾಗಿ ಮಿದುಳಿನ ಶಸ್ತ್ರಕ್ರಿಯೆ ಮಾಡಿದರು. ಅಂದಿನಿಂದ ಹೊಸ ನೆನಪು ನಿಲ್ಲದಾಯಿತು. ಆದರೂ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಕೆಲಸವನ್ನು ಬ್ರೆಂಡಾ ಮಿಲ್ನರ್ ಎಂಬ ವಿದುಷಿ ಕೊಟ್ಟಾಗ, ದಿನದಿಂದ ದಿನಕ್ಕೆ ಅವನ ಕೈ ಸರಾಗವಾಯಿತು. ನಿನ್ನೆ ಅದನ್ನೇ ಮಾಡಿದ್ದೆನೆಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಎಲ್ಲ ಕಲಿಕೆಯೂ ಒಂದೇ ಬಾಗಿಲಿನಿಂದ ಒಳಗೆ ಹೋಗುವುದಿಲ್ಲ.

ಒಂದೂವರೆ ತಿಂಗಳು ಹಿಡಿಯಿತು. ಕೆಲವು ದಿನ ನಾಲ್ಕು ನಿಮಿಷವೂ ದಾಟಲಿಲ್ಲ; ಅಂದು ಪಾಠ ಬಿಟ್ಟು ಚಹಾ ಕುಡಿದೆವು. ಈಗ ಬೆಳಿಗ್ಗೆ ಎದ್ದೊಡನೆ ಕೇಳಿದರೂ ಉತ್ತರ ಬರುತ್ತದೆ, ಕೈ ತಾನಾಗಿ ಸಂಚಿಗೆ ಹೋಗುತ್ತದೆ. ಯಾರು ಕಲಿಸಿದರೆಂದು ಮೊಮ್ಮಗಳು ಕೇಳಿದರೆ, "ಕಲಿಸೋದೇನದ? ನನಗ ಮೊದಲಿಂದನ ಗೊತ್ತದ" ಎಂದು ಗದರುತ್ತಾರೆ.

ಚೀಟಿಯನ್ನು ಮಾತ್ರ ತಿಂಗಳಿಗೊಮ್ಮೆ ಹೊಸದಾಗಿ ಬರೆದಿಡುತ್ತೇನೆ. ಸುಣ್ಣದ ಡಬ್ಬಿ ತಾಗಿ ಅಕ್ಷರ ಅಳಿಸಿಹೋಗುತ್ತವೆ.