ದಂಡಿನ ಲಾರಿ, ಸೂಡಿಯ ದಾರಿ

ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿಯಿತು. ಸಿಪಾಯಿಗಳು ತಮ್ಮ ತಮ್ಮ ಊರು ಸೇರಿದರು. ಅವರನ್ನು ಹೊತ್ತು ತಿರುಗಿದ ಲಾರಿಗಳು ಮಾತ್ರ ಡಿಪೋಗಳ ಬಯಲಿನಲ್ಲಿ ಸಾಲುಗಟ್ಟಿ ನಿಂತವು. ಅಮೆರಿಕಾ ದೇಶವು 1946ರ ಒಪ್ಪಂದದಂತೆ ಇಲ್ಲಿ ಉಳಿದ ತನ್ನ ಸಾಮಗ್ರಿಯನ್ನು ಭಾರತ ಸರ್ಕಾರಕ್ಕೆ ಬಿಟ್ಟುಕೊಟ್ಟಿತು. ಬ್ರಿಟಿಷ್ ದಂಡಿನದು ಬೇರೆ. ಹೀಗೆ ರಣರಂಗದ ವಾಹನಗಳು ಲಿಲಾವಿಗೆ ಬಂದವು.

ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ರೋಣ ತಾಲೂಕಿನ ಸೂಡಿಗೆ, ಪುಣೆಯಂಥ ದಂಡಿನ ಊರಿನಿಂದ ಇಂಥದೊಂದು ಲಾರಿಯನ್ನು ಓಡಿಸಿ ತರುವುದೆಂದರೆ ಐನೂರು ಕಿಲೋಮೀಟರಿಗೂ ಮಿಕ್ಕಿದ ಪಯಣ. ಕೊಂಡವನು ಮನೆಯ ಬಂಗಾರವನ್ನು ಒತ್ತೆಯಿಟ್ಟವನಾಗಿದ್ದರೆ, ದಾರಿಯ ಒಂದೊಂದು ಏರೂ ಅವನ ಎದೆಯ ಮೇಲೆಯೇ ಹಾಯಬೇಕು!

ಲಾರಿಯ ರೂಪವೂ ಅಷ್ಟೇ ವಿಚಿತ್ರ. ಕೆನಡಾದಲ್ಲಿ ಫೋರ್ಡ್ ಮತ್ತು ಶೆವರ್ಲೆ ಕಂಪನಿಗಳು ಒಂದೇ ಮಾದರಿಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ದಂಡಿನ ವಾಹನಗಳನ್ನು ತಯಾರಿಸಿದ್ದವು. ಮೊಂಡು ಮೂಗು, ಎದುರಿನ ಗಾಜಿನ ಮೇಲಂಚು ಮುಂದಕ್ಕೆ ಚಾಚಿ, ಕೆಳಗಿನದು ಒಳಕ್ಕೆ ಸರಿದ ನಿಲುವು. ಆಕಾಶದಲ್ಲಿ ಹಾರುವ ಶತ್ರುವಿಗೆ ಬಿಸಿಲಿನ ಮಿಂಚು ಕಾಣದಿರಲೆಂದು ಆ ಉಪಾಯ. ಎಂಜಿನ್ನು ಚಾಲಕನ ಕಾಲ ಬದಿಗೇ ನುಗ್ಗಿರುವುದರಿಂದ ಪಾದವಿಡಲು ಜಾಗ ಸಾಲದು, ಸೆಕೆಯನ್ನಂತೂ ಹೇಳುವುದೇ ಬೇಡ. ಗೇರು ಇಳಿಸಬೇಕಾದರೆ ಎರಡೆರಡು ಸಲ ಕ್ಲಚ್ಚು ತುಳಿಯಬೇಕು. ಲೆಕ್ಕ ತಪ್ಪಿದರೆ ಹಲ್ಲು ಕಡಿದಂಥ ಸದ್ದು. ಬ್ಯಾಟರಿ ಸತ್ತಿದ್ದರೆ ಮುಂದೆ ನಿಂತು ಹ್ಯಾಂಡಲು ತಿರುವಬೇಕು. ಹೊಟ್ಟೆಯೋ ಬಕಾಸುರನದು. ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಬಸ್ಸುಗಳೇ ಇದ್ದಲಿನ ಗ್ಯಾಸಿನಿಂದ ಓಡಿದ ನಾಡಿನಲ್ಲಿ ಇಂಥ ಹೊಟ್ಟೆಯನ್ನು ತುಂಬಿಸುವುದು ಸಾಮಾನ್ಯವೇ?

ಪುಣೆ ಬಿಟ್ಟೊಡನೆ ಕಾತ್ರಜ, ಮುಂದೆ ಖಂಬಾಟಕಿ ಘಾಟುಗಳು. ಅಲ್ಲಿ ರೇಡಿಯೇಟರು ಕುದಿಯುತ್ತದೆ. ನೀರಿನ ಡಬ್ಬಿಯಿಲ್ಲದೆ ಹೊರಟವನು ದಾರಿಯಲ್ಲೇ ಕೂಡಬೇಕು. ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ಗದಗು ದಾಟಿ ರೋಣದ ಕಡೆಗೆ ಹೊರಳಿದರೆ ನೋಟವೇ ಬೇರೆ. ಕಣ್ಣು ಹರಿಯುವವರೆಗೂ ಎರೆಭೂಮಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂತೆ ಬಾಯ್ಬಿಡುವ ಈ ನೆಲ, ಎರಡು ಮಳೆ ಬಿದ್ದರೆ ಸಾಕು, ಗಾಲಿಗೆ ಮೆತ್ತಿಕೊಂಡು ಚಕ್ಕಡಿಯನ್ನೇ ಅಲುಗದಂತೆ ಹಿಡಿಯುತ್ತದೆ. ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಮುಟ್ಟುವ ದಂಡಿನ ಲಾರಿಗೆ ಬೆಲೆ ಬಂದದ್ದು ಇಂಥ ಕೆಸರಿನಲ್ಲಿಯೇ. ಆದರೂ ಜಾಣನಾದವನು ಮುಂಗಾರು ಹಿಡಿಯುವ ಮೊದಲೇ ಮನೆ ಮುಟ್ಟಬಯಸುವನು.

ರೋಣ ಗಜೇಂದ್ರಗಡಗಳ ನಡುವಿನ ಸೂಡಿಗೆ ದಂಡು ಹೊಸದಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ನಾಣ್ಯ ಅಚ್ಚು ಹಾಕಿದ ಊರಿದು. ಎರಡನೆಯ ಜಯಸಿಂಹನ ಸೋದರಿ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ಆಳಿದಳು. 1047ರಲ್ಲಿ ಗೋಕಾಗೆಯ, ಎಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ್ದ ವೀರನಾರಿ ಅವಳು. ಒಂದನೆಯ ಸೋಮೇಶ್ವರನ ದಂಡನಾಯಕ ನಾಗದೇವನು ಇಲ್ಲಿ ಗುಡಿ ಕಟ್ಟಿಸಿದನು. ಎದುರುಬದುರಾಗಿ ಎರಡು ಶಿಖರಗಳನ್ನು ಹೊತ್ತು ನಿಂತ ಜೋಡುಕಲಶದ ಗುಡಿಯನ್ನು ದಾರಿಹೋಕರು ಮರೆಯಲಾರರು. ಅಲ್ಲಿಗಿಂತಲೂ ಹೆಚ್ಚು ಹೊತ್ತು ನಿಲ್ಲಿಸುವುದು ನಾಗಕುಂಡ. ಕೆತ್ತನೆಯ ಗೋಡೆಗಳ ನಡುವೆ ಮೆಟ್ಟಿಲಿಳಿಯುತ್ತಿದ್ದಂತೆ ಮೇಲಿನ ಬಿಸಿಲು ಮರೆತೇಹೋಗುತ್ತದೆ. ಕುಂಡದ ಹೆಸರಿನಲ್ಲಿಯೂ ನಾಗನಿದ್ದಾನೆ. ಕತ್ತಿ ಹಿಡಿದ ಕಾಲದವರಿಗೂ ಈ ಸೀಮೆಯಲ್ಲಿ ನೀರಿಗಿಂತ ದೊಡ್ಡ ಕಾಣಿಕೆ ತೋರಲಿಲ್ಲವೇನೋ!

ದಂಡಿನ ಹಳೆಯ ವಾಹನಗಳ ಲಿಲಾವು ಆ ಯುದ್ಧಕ್ಕೇ ಮುಗಿಯಲಿಲ್ಲ. 1959ರಿಂದ 1996ರವರೆಗೆ ಜಬಲ್ಪುರದಲ್ಲಿ ತಯಾರಾದ ಶಕ್ತಿಮಾನ್ ಲಾರಿಗಳೂ ಮುಂದೆ ಅದೇ ದಾರಿ ಹಿಡಿದವು. ಕೊಂಡವನು ಮೊದಲು ಮಾಡಬೇಕಾದದ್ದು ಬಣ್ಣ ಬದಲಿಸುವುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದಂಡಿನ ಹಸಿರು ಬಣ್ಣವು ರಕ್ಷಣಾ ಇಲಾಖೆಗೇ ಮೀಸಲು.

ಆ ಹಳೆಯ ಕಾಲದಲ್ಲಿ ಮನೆ ಮುಟ್ಟಿದ ಲಾರಿಗೂ ಕೂಡಲೇ ವಿಶ್ರಾಂತಿಯಿರಲಿಲ್ಲ. ಬಡಗಿಯನ್ನು ಕರೆದು ಕಟ್ಟಿಗೆಯ ಬಾಡಿ ಕಟ್ಟಿಸಬೇಕು, ಪಾಸಿಂಗ್ ಮಾಡಿಸಬೇಕು, ಸವೆದ ಟಾಯರಿಗೆ ಹಣ ಹೊಂದಿಸಬೇಕು. ಅಂಗಳದಲ್ಲಿ ಹತ್ತಿಯ ಅಂಡಿಗೆಗಳು ಕಾದಿವೆ. ಒತ್ತೆಯ ಬಡ್ಡಿ ದಿನದಿನಕ್ಕೂ ಬೆಳೆಯುತ್ತಿದೆ. ಪಶ್ಚಿಮದಲ್ಲಿ ಮೋಡ ಕವಿಯುವಷ್ಟರಲ್ಲಿ ಗದಗಿನ ಪೇಟೆಗೆ ಮೊದಲನೆಯ ಖೇಪು ಮುಟ್ಟಬೇಕು.