ಸವಾರ ಕುದುರೆಯ ಕೊರಳು ತಟ್ಟಿದ

ಬೇಸಿಗೆ ರಜೆಯಲ್ಲಿ ಶಿರೋಳದಿಂದ ಮೈಸೂರಿನ ಮಗನ ಮನೆಗೆ ಹೋಗಿದ್ದೆ. ಒಂದು ಬೆಳಿಗ್ಗೆ ಮೊಮ್ಮಗಳು ಚಾಮುಂಡಿ ಬೆಟ್ಟದ ಬುಡದ ರೇಸ್‌ಕೋರ್ಸ್ ಕಡೆಗೆ ಕರೆದೊಯ್ದಳು. ಬೇಲಿಯಾಚೆ ಕುದುರೆಗಳ ತಾಲೀಮು ನಡೆದಿತ್ತು.

ಮೈಸೂರು ರೇಸ್ ಕ್ಲಬ್ 1891ರಷ್ಟು ಹಳೆಯದು. ಇಂಗ್ಲೆಂಡಿನ ಎಪ್ಸಮ್ ಬಯಲಿನಲ್ಲಿ ಮೊದಲ ಡರ್ಬಿ ನಡೆದದ್ದು 1780ರಲ್ಲಿ. ಓಟದ ದೂರವನ್ನು ಹಿಂದೆ ಫರ್ಲಾಂಗಿನಲ್ಲಿ ಎಣಿಸುತ್ತಿದ್ದರು. ಎಂಟು ಫರ್ಲಾಂಗಿಗೆ ಒಂದು ಮೈಲು. ಮೊಮ್ಮಗಳಿಗೆ ಅದು ಹೊಸದು, ನನಗೆ ಶಾಲೆಯ ಬಾಯಿಪಾಠ.

ಓಟ ಮುಗಿಸಿದ ಸವಾರನೊಬ್ಬ ಕುದುರೆಯ ಕೊರಳು ತಟ್ಟಿ, ಮೆಲ್ಲಗೆ ನಡೆಸಿಕೊಂಡು ಹೋದ.

"ಅಜ್ಜ, ನೀವೂ ಗಾಡಿ ಶರ್ಯತ್ತು ಓಡಿಸ್ತಿದ್ರಂತೆ. ಎತ್ತಿಗೆ ಹೊಡೀತಿದ್ರಾ?"

"ಹೊಡದೇನವ್ವಾ."

ಒಂದು ವರ್ಷ ನಮ್ಮ ಬಿಳಿ ಎತ್ತು ಕುಂಟುತ್ತಿದ್ದರೂ ಬಾರಕೋಲು ಬೀಸಿದ್ದೆ. ಗೆದ್ದೆ. ಬಹುಮಾನದ ಕೊಡ ಇಂದಿಗೂ ಮನೆಯಲ್ಲಿದೆ. ಆ ಎತ್ತು ಮಾತ್ರ ಮತ್ತೆ ನೊಗಕ್ಕೆ ಬರಲಿಲ್ಲ. ಕುಂಟುತ್ತಿದ್ದದ್ದು ನನಗೆ ಗೊತ್ತಿತ್ತು ಎಂದು ಯಾರಿಗೂ ಹೇಳಿರಲಿಲ್ಲ. ಅಂದು ಅವಳಿಗೆ ಹೇಳಿದೆ.

ಅವಳು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾರ ಹುಣ್ಣಿಮೆಗೆ ನಾನೂ ಶಿರೋಳಕ್ಕೆ ಬರ್ತೀನಿ. ಎತ್ತುಗಳ ಮೈ ಇಬ್ಬರೂ ತೊಳೆಯೋಣ" ಎಂದಳು.

ಊರಿಗೆ ಬಂದವನೇ ಬಾರಕೋಲನ್ನು ಒಲೆಗೆ ಹಾಕಿದೆ.