ಕಂಡವನೊಬ್ಬ, ಹೊಡೆದವನೊಬ್ಬ

ಪೊದೆಯ ಮರೆಯಲ್ಲಿ ಅಲುಗಾಡದೆ ಕುಳಿತು, ಒಂದು ಗುಂಡನ್ನೂ ಹಾರಿಸದೆ, ಎದುರಿನ ಬಯಲಿನಲ್ಲಿ ಯಾರು ಎಲ್ಲಿಂದ ಬರುವರೆಂಬುದನ್ನು ಮಾತ್ರ ನೋಡುತ್ತ, ಕಂಡುದನ್ನು ಜೊತೆಯವರಿಗೆ ತಿಳಿಸುತ್ತ, ಅವರ ಹೊಡೆತಕ್ಕೆ ತನ್ನ ಕಣ್ಣನ್ನು ಎರವಲು ಕೊಡುವುದರಲ್ಲಿ ಎಂಥ ಸುಖವುಂಟೆಂಬುದನ್ನು ಟ್ಯಾಂಕು ಕಾಳಗದ ಆಟವಾಡದವರಿಗೆ ತಿಳಿಯಹೇಳುವುದು ಸುಲಭವಲ್ಲ. ಆದರೆ ನನಗೆ ಅತ್ಯಂತ ಪ್ರಿಯವಾದ ಈ ವಿನೋದದ ತಿರುಳು ಅಲ್ಲಿಯೇ ಇರುವುದರಿಂದ ಮಾತನ್ನು ಅಲ್ಲಿಂದಲೇ ತೊಡಗುತ್ತೇನೆ.

ಗಣಕಯಂತ್ರದ ಮೇಲೆ ಆಡುವ ಈ ಬಗೆಯ ಆಟಗಳು ಹಲವಿವೆ. ನಾವು ನೆಚ್ಚಿದ್ದು, ಬೆಲಾರೂಸಿನ ಮಿನ್ಸ್ಕ್ ನಗರದಲ್ಲಿ ಹುಟ್ಟಿದ ವಾರ್‌ಗೇಮಿಂಗ್ ಸಂಸ್ಥೆಯವರು 2010ರಲ್ಲಿ ರಷ್ಯದಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಹೊರತಂದ ‘ವರ್ಲ್ಡ್ ಆಫ್ ಟ್ಯಾಂಕ್ಸ್’. ಪಕ್ಷವೊಂದಕ್ಕೆ 15 ಜನ, ಒಬ್ಬೊಬ್ಬನಿಗೆ ಒಂದೊಂದು ಟ್ಯಾಂಕು, ಕಾಳಗಕ್ಕೆ ಹೆಚ್ಚೆಂದರೆ 15 ನಿಮಿಷ. ಟ್ಯಾಂಕು ಸುಟ್ಟುಹೋದವನು ಆ ಕಾಳಗಕ್ಕೆ ಮರಳಿ ಬರುವಂತಿಲ್ಲ. ಹಗುರ ಟ್ಯಾಂಕು ಓಡಿ ನೋಡುತ್ತದೆ, ಭಾರಿ ಟ್ಯಾಂಕು ಮುಂದೆ ನಿಂತು ಪೆಟ್ಟು ತಾಳುತ್ತದೆ, ಮಧ್ಯಮದ್ದು ಪಾರ್ಶ್ವವನ್ನು ಬಳಸಿ ಬರುತ್ತದೆ, ಟ್ಯಾಂಕ್ ಡಿಸ್ಟ್ರಾಯರ್ ದೂರದಲ್ಲಿ ಹೊಂಚುಹಾಕುತ್ತದೆ, ಆರ್ಟಿಲರಿಯು ಗುಡ್ಡದ ಹಿಂದಿನಿಂದ ಗುಂಡನ್ನು ಎತ್ತಿ ಎಸೆಯುತ್ತದೆ.

ಸೇನೆಯನ್ನು ಅಂಗಾಂಗವಾಗಿ ವಿಭಾಗಿಸಿ ಹಲಗೆಯ ಮೇಲಿಟ್ಟು ಆಡುವ ರಸಿಕತೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಿನೋದಗಳಿಗೊಂದು, ಕ್ರೀಡೆಗಳಿಗೊಂದು ವಿಂಶತಿಯನ್ನೇ ಮೀಸಲಿಟ್ಟು ಚತುರಂಗವನ್ನು ವಿಚಾರಮಾಡಿದ್ದಾನೆ, ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯ ಕೊನೆಯ ನಿಧಿಯಾದ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನಕೊಟ್ಟರು. ಶಾಸ್ತ್ರಗ್ರಂಥವನ್ನು ಬರೆಯಹೊರಟ ಅರಸರು ಆಟವನ್ನು ಅದರ ಹೊರಗಿಡಲಿಲ್ಲವೆಂಬುದು ನನಗೆ ಬಹಳ ಸಂತೋಷದ ಸಂಗತಿ. ಆದರೆ ಚದುರಂಗದಲ್ಲಿ ಆನೆ ಕುದುರೆ ಕಾಲಾಳುಗಳೆಲ್ಲವನ್ನೂ ನಡೆಸುವ ಮನಸ್ಸು ಒಂದೇ. ಕುದುರೆಗೆ ಭಯವಿಲ್ಲ, ಕಾಲಾಳಿಗೆ ಕೀರ್ತಿಯ ಆಸೆಯಿಲ್ಲ, ಆನೆಯು ಆಟಗಾರನೊಡನೆ ವಾದಕ್ಕಿಳಿಯುವುದಿಲ್ಲ. ಟ್ಯಾಂಕಿನ ಆಟದಲ್ಲಿಯಾದರೋ ಪ್ರತಿಯೊಂದು ಕಾಯಿಯೊಳಗೂ ಒಂದೊಂದು ಮನಸ್ಸು ಕುಳಿತಿರುತ್ತದೆ, ಮತ್ತು ಆ ಮನಸ್ಸುಗಳು ತಮ್ಮ ತಮ್ಮ ಆಸೆಯನ್ನು ಬಿಟ್ಟು ಒಂದಾಗುವವರೆಗೆ ಎಷ್ಟು ಬಲವಾದ ಉಕ್ಕಿದ್ದರೂ ಪ್ರಯೋಜನವಿಲ್ಲ.

ಹೂಸ್ಟನ್ನಿನ ವಾಯವ್ಯಕ್ಕೆ, 290ನೆಯ ಹೆದ್ದಾರಿಯ ಬದಿಯಲ್ಲಿ, ಹಿಂದೆ ಭತ್ತದ ಗದ್ದೆಯೂ ಹುಲ್ಲುಗಾವಲೂ ಆಗಿದ್ದ ಸಮತಟ್ಟು ನೆಲದ ಮೇಲೆ ಹಬ್ಬಿಕೊಂಡಿರುವ ಸೈಪ್ರೆಸ್ಸಿನಲ್ಲಿ ನನ್ನ ಮನೆ. ದಿಬ್ಬವೆಂಬುದೇ ಅಪರೂಪವಾದ ಈ ಊರಿನಲ್ಲಿ ಕುಳಿತು ನೆಲದ ಏರಿಳಿತವನ್ನು ಓದುವ ವಿದ್ಯೆಯನ್ನು ನಾನು ಆಟದಿಂದಲೇ ಕಲಿತೆ. ಆಟದಲ್ಲಿ ಮೂವರು ಸೇರಿ ಒಂದು ಪ್ಲಟೂನ್ ಕಟ್ಟಿಕೊಳ್ಳಬಹುದು. ನಮ್ಮ ಪ್ಲಟೂನಿನಲ್ಲಿ ಮೈಸೂರಿನವನಾದ ನಾನೊಬ್ಬ. ಇಲ್ಲಿಗೆ ಸುಮಾರು 240 ಮೈಲಿಯಾಚೆ ಡಾಲಸ್ಸಿನ ಬಳಿಯಿರುವ ಧಾರವಾಡದ ಹಿರಿಯರೊಬ್ಬರು. ಆಸ್ಟಿನ್ನಿನಲ್ಲಿರುವ ಪುತ್ತೂರಿನ ಕಡೆಯ ತರುಣನೊಬ್ಬ. ಶುಕ್ರವಾರದ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಹೆಡ್‌ಸೆಟ್ಟಿನಲ್ಲಿ ಕನ್ನಡ ನಾಡಿನ ಮೂರು ದಿಕ್ಕುಗಳು ಟೆಕ್ಸಾಸಿನ ಮೂರು ಊರುಗಳಿಂದ ಮಾತಾಡತೊಡಗುತ್ತವೆ. “ಅಣ್ಣಾ, ರೈಲುಹಳಿಯ ಆಚೆ ಎರಡು ಉಂಟು, ಒಂದು ನಿಮ್ಮ ಕಡೆಗೇ ಬರ್ತಾ ಉಂಟು” ಎಂದು ತರುಣ ಹೇಳುವನು. “ತಮ್ಮಾ, ಗಡಿಬಿಡಿ ಮಾಡಬ್ಯಾಡ, ಅಲ್ಲೇ ನಿಂದ್ರು. ಅಂವಾ ಹೊಡದ ಮ್ಯಾಲ ಹೋಗೂಣಂತ” ಎಂದು ಹಿರಿಯರು ತಡೆಯುವರು. “ರಾಯರೆ, ನಾನಿದೀನಿ, ನೀವು ಹಿಂದಕ್ಕೆ ಬನ್ನಿ” ಎಂದು ನಾನು ನನ್ನ ಭಾರಿ ಟ್ಯಾಂಕನ್ನು ಅವರ ಮುಂದಕ್ಕೆ ತರುವೆನು. ಹಿರಿಯರ ತಡೆಯುವ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ: ಎದುರಾಳಿ ಗುಂಡು ಹಾರಿಸಿದ ಮೇಲೆ ಮತ್ತೆ ಗುಂಡು ತುಂಬಿಕೊಳ್ಳಲು ಅವನಿಗೆ ಬೇಕಾಗುವ ಕೆಲವು ಸೆಕೆಂಡುಗಳೇ ನಮ್ಮವನು ಮರೆಯಿಂದ ಹೊರಬಂದು ಹೊಡೆದು ಮರಳುವ ಮುಹೂರ್ತ.

ಇನ್ನು ನೋಟದ ವಿಷಯ. ಎಷ್ಟೇ ತೀಕ್ಷ್ಣವಾದ ದೃಷ್ಟಿಯಿದ್ದರೂ 445 ಮೀಟರಿನಾಚೆಗಿರುವ ಟ್ಯಾಂಕನ್ನು ಇನ್ನೊಂದು ಟ್ಯಾಂಕು ಸ್ವತಃ ಪತ್ತೆಹಚ್ಚಲಾರದೆಂದೂ, 50 ಮೀಟರಿನೊಳಗೆ ಬಂದುದನ್ನು ಯಾವ ಮರೆಯೂ ಕಾಪಾಡಲಾರದೆಂದೂ ಆಟದ ನಿಯಮ. ಇವೆರಡರ ನಡುವಿನ ವಿಶಾಲವಾದ ಪ್ರದೇಶದಲ್ಲಿ ಪೊದೆ, ನಿಶ್ಚಲತೆ, ಟ್ಯಾಂಕಿನ ಗಾತ್ರ ಇವುಗಳ ಲೆಕ್ಕಾಚಾರ ನಡೆಯುತ್ತದೆ. ಪೊದೆಗೆ ಅಂಟಿಕೊಂಡು ನಿಂತು ಗುಂಡು ಹಾರಿಸಿದರೆ ಆ ಮರೆಯು ಬಹುಮಟ್ಟಿಗೆ ಅಳಿದುಹೋಗುತ್ತದೆ. ಅದೇ ಪೊದೆಯಿಂದ 15 ಮೀಟರಿಗಿಂತ ತುಸು ಹಿಂದೆ ಸರಿದು ಹಾರಿಸಿದರೆ ಮರೆ ಉಳಿಯುತ್ತದೆ. ಆದರೆ ನಮ್ಮನ್ನು ಶತ್ರುವಿನಿಂದ ಮರೆಸಿದ ಪೊದೆಯು ಶತ್ರುವನ್ನೂ ನಮ್ಮಿಂದ ಮರೆಸಿಬಿಡುತ್ತದೆ. ಹೀಗೆ ಸುರಕ್ಷಿತವಾಗಿ ಹೊಡೆಯಬಲ್ಲವನಿಗೆ ಕಣ್ಣಿಲ್ಲ, ಕಣ್ಣುಳ್ಳವನು ಸುರಕ್ಷಿತವಾಗಿ ಹೊಡೆಯಲಾರ. ಇಬ್ಬರೂ ಸೇರಿದಾಗ ಮಾತ್ರ, ಮುಂದಿನ ಪೊದೆಯಲ್ಲಿ ಮೌನವಾಗಿ ಕುಳಿತ ಹಗುರ ಟ್ಯಾಂಕು ಕಂಡುದನ್ನು ಹಿಂದಿನವನ ಫಿರಂಗಿ ಹೊಡೆಯುತ್ತದೆ, ಮತ್ತು ಹೊಡೆಸಿಕೊಂಡವನಿಗೆ ಹೊಡೆದವನೂ ಕಾಣುವುದಿಲ್ಲ, ತನ್ನನ್ನು ಯಾರು ಕಂಡರೆಂದೂ ತಿಳಿಯುವುದಿಲ್ಲ. ನಿಯಮವನ್ನು ರೂಪಿಸಿದವರು ಯಾರೋ, ಅವರಿಗೆ ನನ್ನ ವಂದನೆ. ಒಬ್ಬನಿಗೇ ಎರಡನ್ನೂ ಕೊಟ್ಟಿದ್ದರೆ ಈ ಆಟದಲ್ಲಿ ಸ್ನೇಹಕ್ಕೆ ಅವಕಾಶವಿರುತ್ತಿರಲಿಲ್ಲ. ತೋರಿಸಿಕೊಟ್ಟ ಗುರಿಗೆ ಬಿದ್ದ ಪೆಟ್ಟು ಕಾಳಗದ ಕೊನೆಯ ಲೆಕ್ಕದಲ್ಲಿ ತೋರಿಸಿದವನ ಹೆಸರಿಗೂ ಸಲ್ಲುತ್ತದೆಂಬುದು ಇನ್ನೊಂದು ನ್ಯಾಯ.

1943ರ ಜುಲೈಯಲ್ಲಿ ಜರ್ಮನ್ ಮತ್ತು ಸೋವಿಯತ್ ಟ್ಯಾಂಕುಗಳು ಸಂಘಟ್ಟಿಸಿದ ಪ್ರೊಖೊರೋವ್ಕಾ ಗ್ರಾಮದ ಹೆಸರಿನ ಕಾಳಗಭೂಮಿ ಈ ವಿದ್ಯೆಗೆ ಅತ್ಯುತ್ತಮವಾದ ಪಾಠಶಾಲೆ. ರೈಲುಹಳಿಯ ಏರಿಯೊಂದು ಉದ್ದಕ್ಕೆ ಹಾದುಹೋಗುವ, ಬಯಲೇ ಬಯಲಾದ ಆ ಭೂಮಿಯಲ್ಲಿ ಮೊದಲ ನಿಮಿಷದಲ್ಲಿಯೇ ನುಗ್ಗಿದವನು ಮೊದಲ ನಿಮಿಷದಲ್ಲಿಯೇ ಮುಗಿಯುತ್ತಾನೆ. ನಮ್ಮ ತರುಣನು ಅಲ್ಲಿ ಹಗುರ ಟ್ಯಾಂಕನ್ನು ನಡುಬಯಲಿನ ಪೊದೆಯಲ್ಲಿ ನಿಲ್ಲಿಸಿ ಕಾಯುವ ತಾಳ್ಮೆಯನ್ನು ನೋಡಬೇಕು. ಇಪ್ಪತ್ತೈದು ದಾಟದ ವಯಸ್ಸಿನವನಲ್ಲಿ ಅಂಥ ಸಂಯಮವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಲೋಹದ ರೇಖಾಗಣಿತವೂ ಇದೇ ಪಾಠವನ್ನು ಬೇರೆ ದಾರಿಯಿಂದ ಹೇಳುತ್ತದೆ. ಸೋವಿಯತ್ ಟಿ-34 ಟ್ಯಾಂಕಿನ ಮುಂಭಾಗದ ಉಕ್ಕಿನ ದಪ್ಪ 45 ಮಿಲಿಮೀಟರು ಮಾತ್ರ. ಆದರೆ ಅದನ್ನು ಲಂಬದಿಂದ 60 ಡಿಗ್ರಿ ಹಿಂದಕ್ಕೆ ಓರೆಮಾಡಿದುದರಿಂದ, ನೇರವಾಗಿ ಬರುವ ಗುಂಡು ದಾಟಬೇಕಾದ ಲೋಹ ಇಮ್ಮಡಿಯಾಗಿ 90 ಮಿಲಿಮೀಟರಾಗುತ್ತದೆ, ಎಷ್ಟೋ ಗುಂಡುಗಳು ಜಾರಿಯೇ ಹೋಗುತ್ತವೆ. ಓರೆಯಿಲ್ಲದ ಟ್ಯಾಂಕಿನವನೂ ಮೈಯನ್ನು ಕೊಂಚ ತಿರುಗಿಸಿ ನಿಂತು ಇದೇ ಲಾಭವನ್ನು ಪಡೆಯಬಲ್ಲ. ಒಂದು ಫಿರಂಗಿಯ ಎದುರಿಗೆ ಇಂಥವನು ಬಹಳ ಹೊತ್ತು ನಿಲ್ಲುತ್ತಾನೆ. ಆದರೆ ಎಡಗಡೆಯವನಿಗೆ ಓರೆಯಾದವನು ಬಲಗಡೆಯವನಿಗೆ ತನ್ನ ತೆಳುವಾದ ಪಕ್ಕವನ್ನು ಪೂರ್ತಿಯಾಗಿ ತೆರೆದಿಟ್ಟಂತಾಯಿತಲ್ಲವೆ? ಧಾರವಾಡದ ಹಿರಿಯರ ಯುಕ್ತಿಯೆಲ್ಲ ಇಲ್ಲಿದೆ. ಆಟದೊಳಗಿನ ಹಿಮ್ಮೆಲ್ಸ್‌ಡಾರ್ಫ್ ಎಂಬ ಜರ್ಮನ್ ಪಟ್ಟಣದ ಇಕ್ಕಟ್ಟಾದ ಬೀದಿಗಳಲ್ಲಿ ಅವರು ನನ್ನನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ, ತಾವು ಇನ್ನೊಂದು ಬೀದಿಯಿಂದ ಬಳಸಿ ಬಂದು, ಶತ್ರುವನ್ನು ನಮ್ಮಿಬ್ಬರ ಗುಂಡಿನ ದಾರಿಗಳು ಕೂಡುವ ಬಿಂದುವಿನಲ್ಲಿ ಸಿಕ್ಕಿಸುತ್ತಾರೆ. ಅವನು ನನ್ನತ್ತ ಹಣೆ ಕೊಟ್ಟರೆ ಅವರಿಗೆ ಪಕ್ಕೆ. ಅವರತ್ತ ತಿರುಗಿದರೆ ನನಗೆ. ಆಗ ನನ್ನ ಕೆಲಸ ಹೊಡೆಯುವುದೂ ಅಲ್ಲ, ಅಲ್ಲಿ ಇರುವುದು ಮಾತ್ರ.

ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1916ರಲ್ಲಿ ಪ್ರಕಟಿಸಿದ, ವಿಮಾನಯುದ್ಧವನ್ನು ಕುರಿತ ಗ್ರಂಥದಲ್ಲಿ ಒಂದು ಸುಂದರವಾದ ಗಣಿತವಿದೆ: ದೂರದಿಂದ ಹೊಡೆಯುವ ಆಯುಧಗಳ ಕಾಳಗದಲ್ಲಿ ಪಕ್ಷದ ಬಲವು ಅದರ ಸಂಖ್ಯೆಗೆ ಸಮನಾಗಿ ಬೆಳೆಯದೆ ಸಂಖ್ಯೆಯ ವರ್ಗಕ್ಕೆ ಸಮನಾಗಿ ಬೆಳೆಯುತ್ತದೆ. ಸಮಾನ ಸಾಮರ್ಥ್ಯದ ಐದು ಟ್ಯಾಂಕುಗಳು ಮೂರನ್ನು ಎದುರಿಸಿದರೆ, 25ರಲ್ಲಿ 9 ಕಳೆದು 16, ಅದರ ವರ್ಗಮೂಲ 4. ಎಂದರೆ ಮೂರನ್ನು ನಿರ್ಮೂಲಮಾಡಿದ ಮೇಲೂ ನಾಲ್ಕರಷ್ಟು ಬಲ ಉಳಿಯುತ್ತದೆ. ನಮ್ಮ ಆಟದಲ್ಲಿ ಪ್ರಾಣದ ಕೊನೆಯ ಹನಿಯುಳಿದ ಟ್ಯಾಂಕು ಕೂಡ ಹೊಸದರಷ್ಟೇ ಬಲವಾಗಿ ಹೊಡೆಯುವುದರಿಂದ, ಮೂವರು ಮೂರು ಗುರಿಗಳಿಗೆ ಗಾಯಮಾಡುವುದಕ್ಕಿಂತ ಮೂವರೂ ಒಂದನ್ನು ಮುಗಿಸುವುದು ಮೇಲು. ಗಾಯಗೊಂಡ ನಮ್ಮವನನ್ನು ಹಿಂದಕ್ಕೆ ಕಳಿಸಿ ಅಕ್ಷತನು ಮುಂದೆ ಬಂದು ಪೆಟ್ಟನ್ನು ಹಂಚಿಕೊಳ್ಳುವುದು ಇನ್ನೂ ಮೇಲು.

ನಾನಿರುವ ಪ್ರಾಂತ್ಯಕ್ಕೂ ಇಂಥ ಕೃತಕ ಅಭ್ಯಾಸಗಳಿಗೂ ಹಳೆಯ ನಂಟುಂಟು. ಡಾಲಸ್ಸಿನ ಮಗ್ಗುಲಿನ ಮೆಸ್ಕೀಟಿನಲ್ಲಿದ್ದ ಐಡಿ ಸಾಫ್ಟ್‌ವೇರ್ ಸಂಸ್ಥೆಯವರು 1993ರ ಡಿಸೆಂಬರಿನಲ್ಲಿ ಹೊರತಂದ ‘ಡೂಮ್’ ಆಟದಲ್ಲಿ ನಾಲ್ವರು ಜಾಲದ ಮೂಲಕ ಒಂದೇ ಲೋಕದೊಳಗೆ ಕೂಡಿ ಆಡಬಹುದಾಗಿತ್ತು. ಅದಕ್ಕೂ ಹತ್ತು ವರ್ಷ ಮೊದಲೇ ಅಮೆರಿಕದ ರಕ್ಷಣಾ ಸಂಶೋಧನ ಸಂಸ್ಥೆಯಾದ ಡಾರ್ಪಾ, ದೂರದೂರದ ಟ್ಯಾಂಕು ಮಾದರಿಗಳನ್ನು ಜಾಲದಲ್ಲಿ ಬೆಸೆದು ದಳಗಳನ್ನು ಒಟ್ಟಿಗೆ ಪಳಗಿಸುವ ‘ಸಿಮ್‌ನೆಟ್’ ಯೋಜನೆಯನ್ನು 1983ರಲ್ಲಿ ಕೈಗೊಂಡಿತ್ತು. ಇವುಗಳಿಗಿಂತ ನನ್ನ ಮನಸ್ಸನ್ನು ಸೆಳೆಯುವುದು ಹೂಸ್ಟನ್ನಿನ ಚಂದ್ರಯಾನದ ಕಥೆ. 1969ರಲ್ಲಿ ಅಪೋಲೋ 11ರ ಉಡಾವಣೆಗೆ ಕೆಲವೇ ದಿನಗಳ ಮುನ್ನ ನಡೆದ ಕೃತಕ ಅಭ್ಯಾಸವೊಂದರಲ್ಲಿ ಪರೀಕ್ಷಕರು ಗಣಕಯಂತ್ರದ ಅಪರಿಚಿತ ಎಚ್ಚರಿಕೆಯೊಂದನ್ನು ತೂರಿಸಿದರು. ಮಾರ್ಗದರ್ಶನದ ಅಧಿಕಾರಿ ಸ್ಟೀವ್ ಬೇಲ್ಸ್ ಇಳಿಯುವುದನ್ನು ರದ್ದುಪಡಿಸಿದರು. ಹಾಗೆ ಮಾಡಬೇಕಾಗಿರಲಿಲ್ಲವೆಂದು ಆಮೇಲೆ ತಿಳಿಯಿತು. ನಿರ್ದೇಶಕ ಜೀನ್ ಕ್ರ್ಯಾಂಜ್ ಎಲ್ಲ ಎಚ್ಚರಿಕೆಗಳನ್ನೂ ಪರಿಶೀಲಿಸಿಡಲು ಹೇಳಿದರು. ಜ್ಯಾಕ್ ಗಾರ್ಮನ್ ಎಂಬ ತರುಣ ಎಂಜಿನಿಯರ್ ಕೈಬರಹದಲ್ಲಿ ಒಂದು ಪಟ್ಟಿ ಬರೆದಿಟ್ಟುಕೊಂಡರು. ಜುಲೈ 20ರಂದು ಚಂದ್ರನತ್ತ ನಿಜವಾಗಿಯೇ ಇಳಿಯುತ್ತಿದ್ದಾಗ 1202 ಎಂಬ ಎಚ್ಚರಿಕೆ ಮೊಳಗಿತು. ಹಿಂದಿನ ಕೋಣೆಯ ಗಾರ್ಮನ್ನರಿಂದ ಬೇಲ್ಸರಿಗೆ, ಬೇಲ್ಸರಿಂದ ಕ್ರ್ಯಾಂಜರಿಗೆ, ನೌಕೆಯೊಡನೆ ಮಾತಾಡುತ್ತಿದ್ದ ಚಾರ್ಲಿ ಡ್ಯೂಕರ ಕಂಠದಿಂದ ನೌಕೆಯಲ್ಲಿದ್ದ ಆರ್ಮ್‌ಸ್ಟ್ರಾಂಗರಿಗೆ ಕೆಲವೇ ಸೆಕೆಂಡುಗಳಲ್ಲಿ ‘ಮುಂದುವರಿಯಿರಿ’ ಎಂಬ ಮಾತು ಹರಿದುಹೋಯಿತು. ಅರಿತವನೊಬ್ಬ, ಹೇಳಿದವನೊಬ್ಬ, ಇಳಿಸಿದವನೊಬ್ಬ. ನಮ್ಮ ಶುಕ್ರವಾರದ ವಿನೋದವನ್ನು ಅದರ ಪಕ್ಕದಲ್ಲಿಡುವ ಧಾರ್ಷ್ಟ್ಯ ನನಗಿಲ್ಲ. ಆದರೆ ಸುಳ್ಳು ಅಪಾಯದಲ್ಲಿ ಕಲಿತ ನಂಬಿಕೆ ನಿಜವಾದ ಅಪಾಯದಲ್ಲಿಯೂ ನಿಲ್ಲುತ್ತದೆಂಬುದಕ್ಕೆ ಇದಕ್ಕಿಂತ ಉಜ್ಜ್ವಲವಾದ ನಿದರ್ಶನ ನನಗೆ ತಿಳಿಯದು.

ನಿಜವಾದ ಯುದ್ಧದ ನೆನಪನ್ನು ಬಿಟ್ಟು ಈ ಆಟವನ್ನು ಆಡಬಾರದೆಂಬುದು ಹಿರಿಯರ ಕಟ್ಟುನಿಟ್ಟು. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮಕರಣದ ಬಳಿ, ಅಸಲ್ ಉತ್ತರ್ ಎಂಬ ಹಳ್ಳಿಯಲ್ಲಿ, ನಮ್ಮ ಸೈನಿಕರು ಕಬ್ಬಿನ ಗದ್ದೆಗಳ ಮರೆಯಲ್ಲಿ ಕುದುರೆಲಾಳದ ಆಕಾರದಲ್ಲಿ ಹೊಂಚಿ ಕುಳಿತು, ನೀರು ಹಾಯಿಸಿ ಕೆಸರುಮಾಡಿದ ನೆಲದೊಳಕ್ಕೆ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಬರುವವರೆಗೆ ಕಾದು, ಹತ್ತಿರದಿಂದ ಹೊಡೆದ ವೃತ್ತಾಂತವನ್ನು ಅವರು ನಮಗೆ ಹೇಳುವಾಗ ಅವರ ದನಿ ಬದಲಾಗುತ್ತದೆ. ಅಲ್ಲಿದ್ದ ಡೆಕ್ಕನ್ ಹಾರ್ಸ್ ದಳದವರ ಬಳಿ ಇದ್ದವು ಹಿಂದಿನ ಮಹಾಯುದ್ಧದ ಕಾಲದ ಶರ್ಮನ್ ಟ್ಯಾಂಕುಗಳು. ಒಂದೊಂದು ಶರ್ಮನ್ನಿನೊಳಗೂ ನಾಯಕ, ಗುರಿಕಾರ, ಗುಂಡು ತುಂಬುವವ, ಚಾಲಕ, ಸಹಚಾಲಕ ಎಂದು ಐವರಿಗೆ ಸ್ಥಳವಿತ್ತೆಂಬುದನ್ನು, ಒಬ್ಬನೇ ಕುಳಿತು ಇಡೀ ಟ್ಯಾಂಕನ್ನು ನಡೆಸುವ ನಾವು ಮರೆಯಲಾಗದು. ‘ವಾರ್ ಥಂಡರ್’ ಎಂಬ ಇನ್ನೊಂದು ಆಟದಲ್ಲಿ ಪ್ರಾಣದ ಅಂಕಿಗಳಿಲ್ಲ; ಗುಂಡು ಒಳಹೊಕ್ಕರೆ ಯಾವ ಸಿಬ್ಬಂದಿಗೆ ತಗುಲಿತೆಂಬುದೇ ಲೆಕ್ಕ. ನಾವು ಆಗಾಗ ಅದನ್ನೂ ಆಡುವುದುಂಟು. ಒಮ್ಮೆ ಮೂವರೂ ಸೇರಿ ಆಸ್ಟಿನ್ನಿನ ಕ್ಯಾಂಪ್ ಮೇಬ್ರಿಯಲ್ಲಿರುವ ಸೈನಿಕ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆವು. ಬಿಸಿಲಿಗೆ ಕಾದ ಹಳೆಯ ಟ್ಯಾಂಕಿನ ಓರೆಯಾದ ಹಣೆಯ ಮೇಲೆ ಅಂಗೈಯಿಟ್ಟು, ಚಾಲಕನು ಒಳಗಿಳಿಯುವ ಕಿರಿದಾದ ಬಾಗಿಲನ್ನು ನೋಡಿ, ತರುಣನು “ಇಷ್ಟರ ಒಳಗಿಂದ ಅವರು ಎಂತ ಕಾಣ್ತಿದ್ದರು ಅಣ್ಣಾ?” ಎಂದು ಕೇಳಿದನು. ಬಹಳ ಸ್ವಲ್ಪವನ್ನು. ಅದಕ್ಕೇ ಹೊರಗಿನ ಕಾಲಾಳು, ಪಕ್ಕದ ಟ್ಯಾಂಕು, ರೇಡಿಯೋದ ಮಾತು ಅವರಿಗೆ ಕಣ್ಣಾಗಬೇಕಾಗಿತ್ತು.

ಈಗ ನಮ್ಮ ಆಸೆ ಬೆಳೆದಿದೆ. ಏಳು ಜನರ ಎದುರು ಏಳು ಜನ ಆಡುವ ‘ಸ್ಕರ್ಮಿಶ್’ ಎಂಬ ಕಾಳಗವುಂಟು. ಅಲ್ಲಿ ಅಪರಿಚಿತರ ನೆರವಿಲ್ಲ, ಒಬ್ಬ ನಾಯಕನ ದನಿಯೊಂದೇ ಆಧಾರ. ನಮ್ಮ ಮೂವರೊಡನೆ ಇನ್ನು ನಾಲ್ವರು ಕನ್ನಡಿಗರು ಕೂಡಿಕೊಂಡಿದ್ದಾರೆ. ಅವರಲ್ಲೊಬ್ಬರು, ರಾತ್ರಿ ಪಾಳಿ ಮುಗಿಸಿ ಬಂದು ಆಡುವ ನರ್ಸ್, ತೆರೆಯ ಮೂಲೆಯ ಮಿನಿಮ್ಯಾಪನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಓದುತ್ತಾರೆ. ನಾಯಕತ್ವ ಒಬ್ಬರಲ್ಲಿಯೇ ನಿಲ್ಲಬಾರದೆಂದು, ಆಜ್ಞೆ ಕೊಟ್ಟು ಬಲ್ಲವನೇ ಆಜ್ಞೆಯನ್ನು ಚೆನ್ನಾಗಿ ಪಾಲಿಸಬಲ್ಲನೆಂದು ಹಿರಿಯರು ವಾರಕ್ಕೊಬ್ಬರಂತೆ ಸರದಿ ಹಾಕಿದ್ದಾರೆ. ಬರುವ ಶುಕ್ರವಾರ ಆ ನರ್ಸ್ ಅವರ ಸರದಿ. ಹಿಮ್ಮೆಲ್ಸ್‌ಡಾರ್ಫಿನಲ್ಲಿ ಎಲ್ಲರೂ ಹತ್ತುವ ಗುಡ್ಡವನ್ನು ಬಿಟ್ಟು ಏಳೂ ಟ್ಯಾಂಕುಗಳನ್ನು ರೈಲು ನಿಲ್ದಾಣದ ಕಡೆಯಿಂದಲೇ ನುಗ್ಗಿಸುವೆನೆಂದು ಅವರು ಈಗಲೇ ಹೇಳಿಕಳುಹಿಸಿದ್ದಾರೆ; ಗುಡ್ಡವನ್ನು ಎದುರಾಳಿಗೆ ಬಿಟ್ಟುಕೊಡುವುದು ಸರಿಯೇ ಎಂಬುದನ್ನು ಕುರಿತು ಹಿರಿಯರಿಗೂ ತರುಣನಿಗೂ ವಾದ ನಡೆದೇ ಇದೆ. ನಾನು ಮೊದಲ ಬೀದಿಯ ಮೂಲೆಯಲ್ಲಿ ನಿಲ್ಲಬೇಕೆಂದು ಅಪ್ಪಣೆಯಾಗಿದೆ.